ತಂತಿಯ ಆ ಕೊನೆಯಲ್ಲಿ ಯಾರು?

ನಾಲ್ಕನೆಯ ಯಂತ್ರದ ತಂತಿಯನ್ನೂ ಕಿತ್ತಾಯಿತು. ಆದರೂ ಮೂಲೆಯ ಯಂತ್ರದ, ಯಜಮಾನನ, ಕೆಂಪು ದೀಪ ಮಿನುಗುತ್ತಲೇ ಇತ್ತು.

ಶಾಂತಾದೇವಿ ಕೈಯಲ್ಲಿದ್ದ ತಂತಿಯ ತುದಿಯನ್ನು ಮೇಜಿನ ಮೇಲಿಟ್ಟಳು, ಮತ್ತೆ ಎತ್ತಿ ನೋಡಿದಳು, ಮತ್ತೆ ಇಟ್ಟಳು. ಭಾನುವಾರದ ಮಟಮಟ ಮಧ್ಯಾಹ್ನ. ಇಡೀ ಹೈಸ್ಕೂಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಹಡಿಯ ಈ ಕೋಣೆಯಲ್ಲಿ ಇವರಿಬ್ಬರು, ಐದು ಕಂಪ್ಯೂಟರು, ಮತ್ತು ನಿಲ್ಲಲೊಲ್ಲದ ಆ ದೀಪ.

"ಇನ್ನೊಂದು ಸಲ ಎಣಿಸ್ರಿ ಟೀಚರಮ್ಮ," ಎಂದರು ತಿಪ್ಪೇರುದ್ರಸ್ವಾಮಿ.

"ಎಣಿಸಾಕೆ ಏನೈತೆ ಸಾರ್? ಮಕ್ಕಳು ಕೂರೋವು ನಾಲ್ಕು. ನಾಲ್ಕನ್ನೂ ಬಿಚ್ಚೀನಿ. ಈಗ ತಂತೀಲಿ ಉಳಿದಿರೋದು ಯಜಮಾನ ಒಂದೇ. ಒಬ್ಬನೇ ಇದ್ರೆ ಇವನು ಯಾರ ಜೊತೆ ಮಾತಾಡ್ತಿದಾನೆ?"

ಸ್ವಾಮಿಯವರು ಡಬ್ಬಿ ತೆರೆದು ಒಂದು ಚಿಟಿಕೆ ನಶ್ಯ ಏರಿಸಿದರು. ಜಗಳೂರು ಕಡೆಯ ಈ ಕುಳ್ಳ ಮನುಷ್ಯ ಹೊನ್ನಾಳಿ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಇಲಾಖೆ ಅವರನ್ನು ಮನೆಗೆ ಕಳಿಸಿತ್ತೇ ಹೊರತು ಕಂಡಲ್ಲಿ ಮೂಗು ತೂರಿಸುವ ಚಟವನ್ನು ವಾಪಸ್ ತೆಗೆದುಕೊಂಡಿರಲಿಲ್ಲ. ಕಂಪ್ಯೂಟರ್ ಎಂದರೆ ಟೀವಿಗೆ ಟೈಪ್‌ರೈಟರ್ ಅಂಟಿಸಿದ್ದು ಎಂದಷ್ಟೇ ಅವರ ತಿಳುವಳಿಕೆ. ಅದನ್ನು ಅವರು ಮುಚ್ಚಿಡುವವರೂ ಅಲ್ಲ.

ಆಯುಧಪೂಜೆಯ ಹಿಂದಿನ ದಿನ ಇದೇ ಕೋಣೆಯಲ್ಲಿ ಕಂಪ್ಯೂಟರ್ ಮೇಷ್ಟ್ರು ಮರುಳಪ್ಪ ಕರೆಂಟ್ ಹೊಡೆದು ಸತ್ತಿದ್ದರು. ಕೆಳಗೆ ಮೇನ್ ಸ್ವಿಚ್ ಹಾಕಿದ ಕೈ, ಅವರ ಜೊತೆ ಕಂಪ್ಯೂಟರ್ ಪಾಠ ಮಾಡುತ್ತಿದ್ದ ಶಾಂತಾದೇವಿಯದು. ನಾಳೆ ಸೋಮವಾರ ಆಡಳಿತ ಮಂಡಳಿಯ ವಿಚಾರಣೆ. ಅಲ್ಲಿಂದ ಅವಳು ಕೆಲಸ ಕಳೆದುಕೊಂಡು ಹೊರಬರುತ್ತಾಳೋ, ಪೊಲೀಸ್ ಜೀಪು ಹತ್ತಿ ಹೊರಬರುತ್ತಾಳೋ ಎಂಬುದಷ್ಟೇ ಚನ್ನಗಿರಿಯ ಹೋಟೆಲುಗಳಲ್ಲಿ ಚರ್ಚೆ.

ಸ್ವಾಮಿಯವರು ಬಂದದ್ದು ಆ ಸಾವನ್ನು ವಿಚಾರಿಸಲಿಕ್ಕೆ. ಆದರೆ ಬಂದ ಗಳಿಗೆಯಿಂದ ಸಾವಿನ ಸುದ್ದಿಯನ್ನೇ ಎತ್ತದೆ, "ಮೇಷ್ಟ್ರು ಹೋದ ಮೇಲೆ ಈ ಕೋಣೇಲಿ ಏನು ಬದಲಾಗೈತೆ? ಅದನ್ನ ಮೊದಲು ಹೇಳ್ರಿ," ಎಂದು ಪಟ್ಟು ಹಿಡಿದು ಕೂತಿದ್ದರು.

ಬದಲಾದದ್ದು ಒಂದೇ. ಲಾಗಿನ್ ನಿಧಾನವಾಗಿತ್ತು.

ಎರಡು ವರ್ಷದ ಹಿಂದೆ ಸರ್ಕಾರದ ಯೋಜನೆಯಲ್ಲಿ ಈ ಯಂತ್ರಗಳು ಬಂದಾಗ ಮರುಳಪ್ಪನವರೇ ಗೋಡೆಯುದ್ದಕ್ಕೂ ತಂತಿ ಎಳೆದು ಎಲ್ಲವನ್ನೂ ಒಂದಕ್ಕೊಂದು ಸೇರಿಸಿದ್ದರು. ಕೋಣೆಯ ಮೂಲೆಯ ಯಂತ್ರಕ್ಕೆ ಮಕ್ಕಳೇ ಯಜಮಾನ ಎಂದು ಹೆಸರಿಟ್ಟವು. ಎಲ್ಲರ ಪಾಠ, ಎಲ್ಲರ ಹೆಸರು, ಎಲ್ಲರ ಗುಟ್ಟಿನ ಪದ ಅದರ ಹೊಟ್ಟೆಯಲ್ಲಿ. ಹುಡುಗರು ತಮ್ಮ ಯಂತ್ರದಲ್ಲಿ ಹೆಸರು, ಗುಟ್ಟಿನ ಪದ ಒತ್ತಿದರೆ ಯಜಮಾನ ನೋಡಿ ಒಳಗೆ ಬಿಡಬೇಕು. ಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ಬಿಡುತ್ತಿತ್ತು. ದಸರೆ ರಜೆ ಮುಗಿದು ಬಂದ ಮೇಲೆ ಬಿಡುವುದೇ ಇಲ್ಲ. ಒತ್ತಿ ಕಾದು, ಕಾದು, ಕೆಲವು ಮಕ್ಕಳಿಗೆ ಪೀರಿಯಡ್ಡೇ ಮುಗಿದುಹೋಗುತ್ತಿತ್ತು.

ಮಕ್ಕಳು ಇದಕ್ಕೆ ತಮ್ಮದೇ ಕಾರಣ ಕಂಡುಕೊಂಡಿದ್ದವು. ಮರುಳಪ್ಪ ಮೇಷ್ಟ್ರು ಒಳಗೆ ಕೂತು ಒಬ್ಬೊಬ್ಬರ ಹೆಸರನ್ನೂ ತಿದ್ದುತ್ತಿದ್ದಾರಂತೆ. ಅವರ ಕಣ್ಣಿಗೆ ಕನ್ನಡಕ ಇಲ್ಲವಲ್ಲ, ಅದಕ್ಕೇ ತಡವಂತೆ. ಈಗ ಎಂಟನೆಯ ತರಗತಿಯ ಮಕ್ಕಳು ಕೂರುವ ಮುಂಚೆ ಯಜಮಾನನ ಕಡೆ ತಿರುಗಿ ಕೈ ಮುಗಿದು, "ಸಾರ್, ಬೇಗ ಬಿಡ್ರಿ ಸಾರ್," ಎನ್ನುವುದು ರೂಢಿಯಾಗಿಬಿಟ್ಟಿತ್ತು. ಶಾಂತಾದೇವಿ ಗದರಿದ್ದಳು. ಗದರಿ, ಎಲ್ಲರೂ ಹೋದ ಮೇಲೆ ತಾನೂ ಒಮ್ಮೆ ಕೈ ಮುಗಿದಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಯಾಕೆ ನಿಧಾನ ಆಗ್ತದೆ ಅಂತ ನನ್ನಂಥ ದಡ್ಡನಿಗೆ ಹೇಳ್ರಿ," ಎಂದರು ಸ್ವಾಮಿಯವರು.

"ಪಂಕ್ತೀಲಿ ಬಡಿಸೋನು ಒಬ್ಬನೇ ಇದ್ರೆ ಹೆಂಗೆ ಸಾರ್? ಯಾರೋ ಒಬ್ಬರು ಅವನನ್ನ ಬಿಡದಂಗೆ ಸಾರು ತಾ, ಅನ್ನ ತಾ ಅಂತ ಕರೀತಾನೇ ಇದ್ರೆ ಮಿಕ್ಕೋರ ಎಲೆ ಖಾಲಿ ಇರ್ತದೆ. ಹಂಗೆ. ಯಾರೋ ಇವನನ್ನ ಬಿಡುವಿಲ್ಲದಂಗೆ ಕೇಳ್ತಿದಾರೆ. ಮಕ್ಕಳ ಯಂತ್ರದಾಗೆ ಯಾವುದೋ ಕೆಟ್ಟು ಹಿಂಗೆ ಮಾಡ್ತೈತೆ ಅಂದ್ಕೊಂಡಿದ್ದೆ. ಅದಕ್ಕೇ ಒಂದೊಂದಾಗಿ ಬಿಚ್ಚಿ ನೋಡಿದ್ದು."

"ಎಲ್ಲಾ ಬಿಚ್ಚಾಯ್ತು. ಕೇಳೋನು ಇನ್ನೂ ಕೇಳ್ತಾ ಅದಾನೆ."

"ಹೂಂ."

"ಅಂದ್ರೆ ಪಂಕ್ತೀಲಿ ನಮ್ಮ ಕಣ್ಣಿಗೆ ಕಾಣದ ಎಲೆ ಒಂದೈತೆ."

ದೀಪ ಮಿನುಗಿತು. ತೂಕಡಿಸುವವನ ರೆಪ್ಪೆಯಂತೆ ಆರಿತು, ಮತ್ತೆ ಮಿನುಗಿತು. ಯಜಮಾನನ ಹಣೆಯ ಮೇಲೆ ಪೂಜೆಗೆಂದು ಬಳಿದ ವಿಭೂತಿಯ ಮೂರು ಗೆರೆ ಇನ್ನೂ ಹಾಗೇ ಇದ್ದವು.

ಸ್ವಾಮಿಯವರು ಜೇಬಿಗೆ ಕೈ ಹಾಕಿ ಪಿಂಗಾಣಿಯ ಎರಡು ಬಿಳಿ ಫ್ಯೂಜುಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ಇವು ಎಲ್ಲೀವು ಹೇಳ್ರಿ ನೋಡಾನ."

ಅವಳು ಗೋಡೆಯ ಸ್ವಿಚ್ ಬೋರ್ಡಿನತ್ತ ನೋಡಿದಳು. "ಇಂಥವೇ ಅಲ್ಲಿ ಇರ್ತಿದ್ವು. ಈಗಿರೋವು ಹೊಸವು. ಹಳೇವು ಸಿಗ್ತಿಲ್ಲ ಅಂತ ಜವಾನ ಬೇರೆ ತಂದು ಹಾಕಿದ."

"ಸಿಗ್ತಿರಲಿಲ್ಲ, ಯಾಕಂದ್ರೆ ಇವು ಮೇಷ್ಟ್ರ ಅಂಗಿ ಜೇಬಿನಾಗಿದ್ವು. ಬೆಳಿಗ್ಗೆ ನ್ಯಾಮತಿಗೆ ಹೋಗಿದ್ದೆ. ಅವರ ಮನೆಯೋರು ಕಸ್ತೂರಮ್ಮ ತವರಲ್ಲಿ ಅದಾರೆ. ಅಂಗಿ ಒಗೀದೆ ಹಂಗೇ ಇಟ್ಕೊಂಡಿದ್ರು ಪಾಪ. ಜೇಬಿನಾಗೆ ಕೈ ಹಾಕಿದ್ರೆ ಇವು." ಸ್ವಾಮಿಯವರು ದನಿ ತಗ್ಗಿಸಿದರು. "ಈಗ ಅವತ್ತಿಂದು ಹೇಳ್ರಿ. ಬೇಜಾರು ಮಾಡ್ಕೋಬ್ಯಾಡ್ರಿ."

ಎಷ್ಟು ಸಲ ಹೇಳಿದ್ದಳೋ. ಪೂಜೆಗೆಂದು ಇಡೀ ಶಾಲೆಗೆ ನೀರು ಹೊಯ್ದು ತೊಳೆಯುತ್ತಿದ್ದರು. ನೆಲ ಒದ್ದೆ ಎಂದು ಮೇನ್ ಸ್ವಿಚ್ ತೆಗೆದಿತ್ತು. ವರ್ಷಕ್ಕೊಮ್ಮೆ ಮಾತ್ರ ಮಾಡುವಂತೆ ಯಜಮಾನನೂ ಸೇರಿ ಎಲ್ಲ ಯಂತ್ರಗಳನ್ನೂ ತಂತಿಯಿಂದ ಬಿಚ್ಚಿ, ಒರೆಸಿ, ಪೂಜೆಗೆ ಕೆಳಗಿನ ಹಾಲಿಗೆ ಇಳಿಸಿದ್ದರು. ಮೇಲೆ ಮರುಳಪ್ಪನವರು ಒಬ್ಬರೇ ಕಸ ತೆಗೆಯುತ್ತಿದ್ದರು. ಕೆಳಗೆ ದೀಪದ ಸರ ಹಾಕಲು ಕರೆಂಟ್ ಬೇಕಾಯಿತು. ಅವಳು ಮೆಟ್ಟಿಲ ಬುಡದಿಂದ ಕೂಗಿದಳು, "ಹಾಕ್ಲಾ ಸಾರ್?" ಮೇಲಿನಿಂದ ದನಿ ಬಂತು, "ಹಾಕ್ರಿ." ಆಮೇಲೆ ಆ ಕಿರುಚು.

"ಹಾಕಿದ ಮೇಲೆ ಕಿರುಚಿದ್ರಾ, ಮುಂಚೆನಾ?"

"ಗೊತ್ತಿಲ್ಲ ಸಾರ್." ಅವಳು ತನ್ನ ಬಲಗೈ ನೋಡಿಕೊಂಡಳು. "ಕೈ ಸ್ವಿಚ್ಚಿನ ಮೇಲಿತ್ತು. ಅಷ್ಟೇ ನೆನಪೈತೆ. ದಿನಾ ನೆನಿಸ್ಕೊಂತೀನಿ. ಒಂದು ದಿನ ಮುಂಚೆ ಅನ್ಸುತ್ತೆ, ಒಂದು ದಿನ ಆಮೇಲೆ ಅನ್ಸುತ್ತೆ. ನಾನೇ ಕೊಂದೆ ಅಂತ ಎಲ್ರೂ ಅಂತಾರೆ. ನಂಗೂ ಹಂಗೇ ಅನ್ಸಾಕೆ ಹತ್ತೈತೆ."

"ಅನ್ನೋರಿಗೇನು, ನಾಲಿಗೆಗೆ ಮೂಳೆ ಐತಾ?" ಸ್ವಾಮಿಯವರು ಫ್ಯೂಜುಗಳನ್ನು ಅವಳ ಕಡೆ ತಳ್ಳಿದರು. "ಈ ಕೋಣೆಯ ಫ್ಯೂಜು ಕಿತ್ತು ಜೇಬಿನಾಗಿಟ್ಕೊಂಡಿದ್ದ ಮನುಷ್ಯ ಅವರು. ಹುಷಾರಿನ ಮನುಷ್ಯ. ನೀವು ಕೆಳಗೆ ಮೇನ್ ಹಾಕಿದ್ರೂ, ತೆಗೆದ್ರೂ, ಈ ಕೋಣೆಗೆ ಒಂದು ಹನಿ ಕರೆಂಟ್ ಬರಾಕೆ ದಾರಿಯೇ ಇರಲಿಲ್ಲ. ಅದಕ್ಕೇ ಧೈರ್ಯವಾಗಿ ಹಾಕ್ರಿ ಅಂದಿದ್ದು."

ಶಾಂತಾದೇವಿ ಫ್ಯೂಜನ್ನು ಮುಟ್ಟಿದಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಒಂದಿಷ್ಟು ಅಲುಗಿತು. ಅದನ್ನು ನಂಬಲಿಕ್ಕೂ ಅವಳಿಗೆ ಭಯವಾಯಿತು.

"ಮತ್ತೆ ಅವರಿಗೆ ಹೊಡೆದ ಕರೆಂಟ್ ಎಲ್ಲಿಂದ ಬಂತು ಸಾರ್?"

"ಅವರ ಕೈಯಾಗೆ ಏನಿತ್ತು?"

"ಈ ತಂತಿ. ಬೀರುವಿನ ಸಂದಿಗೆ ಕೈ ಹಾಕಿದ್ರು. ಬೋರ್ಡು ಪಕ್ಕದಾಗೇ ಐತಲ್ಲ, ಅದನ್ನೇ ಮುಟ್ಟಿದಾರೆ ಅಂದ್ರು ಪೊಲೀಸ್ನೋರು. ಈ ತಂತೀಲಿ ಟಾರ್ಚಿನ ಸೆಲ್ಲಿನಷ್ಟೂ ಕರೆಂಟ್ ಇರಲ್ಲ ಸಾರ್. ಮಗು ಮುಟ್ಟಿದ್ರೂ ಏನೂ ಆಗಾಕಿಲ್ಲ."

"ಬೀರು ಸರಿಸ್ರಿ."

ಇಬ್ಬರೂ ಸೇರಿ ನೂಕಿದರು. ಕಬ್ಬಿಣದ ಬೀರು ಕಿರ್ರೆಂದು ಅರ್ಧ ಅಡಿ ಸರಿಯಿತು. ಧೂಳು, ಜೇಡರ ಬಲೆ, ಒಂದು ಸೀಮೆಸುಣ್ಣ.

ತಂತಿ ಮುಗಿಯಬೇಕಾದ ಜಾಗ ಅದು. ಅಲ್ಲಿ ತಂತಿಯ ತುದಿ ಮುಚ್ಚುವ ಬಿರಡೆ ಇರಬೇಕಿತ್ತು. ಬಿರಡೆ ಇರಲಿಲ್ಲ. ತಂತಿಗೆ ಇನ್ನೊಂದು ತಂತಿಯನ್ನು ಹೊಸೆದು ಗಂಟು ಹಾಕಿತ್ತು. ಗಂಟಿನ ಮೇಲೆ ಟೇಪೂ ಇಲ್ಲ, ಬರೀ ತಾಮ್ರ. ಆ ಎರಡನೆಯ ತಂತಿ ಕಿಟಕಿಯ ಚೌಕಟ್ಟಿಗೆ ಕೊರೆದ ತೂತಿನಲ್ಲಿ ನುಸುಳಿ ಹೊರಗೆ ಹೋಗಿತ್ತು.

ದಸರೆ ಮುಗಿದ ಮೇಲೆ ಯಂತ್ರಗಳನ್ನೆಲ್ಲ ಮತ್ತೆ ಜೋಡಿಸಿದ್ದು ಅವಳೇ. ಬೀರುವಿನ ಹಿಂದೆ ಇಣುಕುವ ಧೈರ್ಯ ಅವಳಿಗೆ ಆಗಿರಲಿಲ್ಲ. ಮೇಷ್ಟ್ರು ಬಿದ್ದಿದ್ದ ಜಾಗವದು.

"ನೋಡ್ರಿ," ಎಂದರು ಸ್ವಾಮಿಯವರು ನಿಧಾನವಾಗಿ. "ಆ ಕೊನೆಯಾಗೆ ಅವತ್ತು ಯಾರೋ ಈ ತಂತೀನ ಮನೆ ಕರೆಂಟಿಗೆ ಸಿಗಿಸ್ಯಾರೆ. ಬೇರೆ ದಿನ ಸಿಗಿಸಿದ್ರೆ ಏನಾಗ್ತಿತ್ತು?"

"ಐದು ಯಂತ್ರನೂ ಸುಟ್ಟು ಹೋಗ್ತಿದ್ವು. ಊರಿಗೆಲ್ಲ ಗೊತ್ತಾಗ್ತಿತ್ತು."

"ಅದಕ್ಕೇ ಆಯುಧಪೂಜೆ ಹಿಂದಿನ ದಿನ ಆರಿಸ್ಕೊಂಡ್ರು. ವರ್ಷದಾಗೆ ಅದೊಂದೇ ದಿನ ತಂತಿ ಬರಿದಾಗಿರ್ತದೆ. ಹೊರಗಿನೋರಿಗೆ ಇದು ಗೊತ್ತಿರಲ್ಲ ಟೀಚರಮ್ಮ. ಈ ಶಾಲೇಲಿ ಪೂಜೆ ಹೆಂಗೆ ಮಾಡ್ತಾರೆ ಅಂತ ಕಂಡೋರ ಕೆಲಸ."

ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಶಾಂತಾದೇವಿ ಬೆಚ್ಚಿ ತಿರುಗಿದಳು.

ಬಂದವರು ಆಡಳಿತ ಮಂಡಳಿಯ ಕಾರ್ಯದರ್ಶಿ ಮಲ್ಲಿಕಾರ್ಜುನಪ್ಪ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಜರಿ ಶಲ್ಯ. ಭಾನುವಾರವೂ ಹೀಗೆ ಉಟ್ಟುಕೊಂಡು ತಿರುಗುವ ಗತ್ತಿನ ಮನುಷ್ಯ. ನಾಳೆಯ ವಿಚಾರಣೆಯಲ್ಲಿ ಶಾಂತಾದೇವಿಯ ಎದುರು ಕೂರುವವರು ಇವರೇ.

"ರಜಾ ದಿನ ಶಾಲೆ ತೆಗೆಯಾಕೆ ಯಾರು ಹೇಳಿದ್ರಮ್ಮ ನಿಂಗೆ?"

"ನಾನೇ ತೆಗೆಸಿದ್ದು," ಎಂದರು ಸ್ವಾಮಿಯವರು. "ಬರ್ರಿ, ಕುಂದರ್ರಿ. ನಿಮ್ಮ ಹತ್ರ ಒಂದು ಸಣ್ಣ ಲೆಕ್ಕ ಕೇಳಬೇಕಿತ್ತು. ಈ ಶಾಲೆಗೆ ಕಂಪ್ಯೂಟರ್ ಎಷ್ಟು ಬಂದ್ವು?"

"ಐದು. ಊರಿಗೇ ಗೊತ್ತೈತೆ."

"ಮತ್ತೆ ಹೊಲಿಗೆ ಟೀಚರ್ ಗಾದ್ರಮ್ಮ ಕಂಪ್ಯೂಟರಿಗೆ ಹೊದಿಸಾಕೆ ಆರು ಗವಸು ಹೊಲಿದಾರಲ್ರಿ. ಕಸೂತಿ ಹಾಕಿ, ಹೂವು ಬಿಡಿಸಿ. ಕೆಳಗೆ ಹಗ್ಗದ ಮೇಲೆ ಒಣಗ್ತಾ ಅದಾವೆ."

"ಒಂದು ಒಗೆಯಾಕೆ ಹಾಕಿದ್ರೆ ಬದಲಿಗೆ ಇರ್ಲಿ ಅಂತ ಹೊಲಿದಿರ್ತಾರೆ."

"ಇರಬೌದು. ಆದ್ರೆ ಮೇಲೆ ನಂಬರ್ ಬ್ಯಾರೆ ಹೆಣೆದಾರೆ. ಒಂದರಿಂದ ಆರು. ಬದಲಿಗೆ ಇಟ್ಟ ಗವಸಿಗೆ ಯಾರಾದ್ರೂ ಆರು ಅಂತ ಹೆಣೀತಾರೇನ್ರಿ?"

ಮಲ್ಲಿಕಾರ್ಜುನಪ್ಪ ಶಲ್ಯದ ತುದಿಯಿಂದ ಕತ್ತು ಒರೆಸಿಕೊಂಡರು. "ಸ್ವಾಮಿಗಳೇ, ನೀವು ನಮ್ಮ ಮಠದ ಕಡೆಯೋರು ಅಂತ ಗೌರವ ಕೊಟ್ಟು ಮಾತಾಡ್ತಿದೀನಿ. ಸತ್ತಿರೋದು ಮನುಷ್ಯ. ನೀವು ಗವಸಿನ ಲೆಕ್ಕ ಕೇಳ್ತೀರಾ?"

"ಮನುಷ್ಯನ ಲೆಕ್ಕ ಕೇಳಾಕೇ ಗವಸಿನಿಂದ ಶುರು ಮಾಡೀನಿ. ಆರನೇದು ಎಲ್ಲೈತೆ?"

"ವಾಪಸ್ ಹೋತು. ರಿಪೇರಿಗೆ."

"ಯಾರು ಒಯ್ದ್ರು?"

ಮಲ್ಲಿಕಾರ್ಜುನಪ್ಪ ಕಿಟಕಿಯಾಚೆ ನೋಡತೊಡಗಿದರು.

"ಯಾರು ಒಯ್ದ್ರು ಅಂತ ಕೇಳ್ದೆ ಮಲ್ಲಿಕಾರ್ಜುನಪ್ಪಾರೆ." ಸ್ವಾಮಿಯವರ ದನಿ ಏರಲಿಲ್ಲ. ಆದರೆ ಠಾಣೆಯ ಕಂಬಿ ಹಿಂದೆ ನಿಂತವರಿಗೆ ಮಾತ್ರ ಗೊತ್ತಿದ್ದ ಒಂದು ಖಾರ ಅದರಲ್ಲಿ ಬಂತು.

"ಮರುಳಪ್ಪನೇ ಮನೆಗೆ ಒಯ್ದಿದ್ದ, ಸಾಕಾ?" ಮಲ್ಲಿಕಾರ್ಜುನಪ್ಪ ಸಿಡುಕಿದರು. "ಸಂಜೆ ಹೊತ್ತು ಮನೇಲೇ ಕುಂತು ಪಾಠ ತಯಾರು ಮಾಡ್ತೀನಿ ಅಂದ. ಕಾಂಪೌಂಡಿಗೆ ಅಂಟ್ಕೊಂಡೇ ಐತಲ್ಲ ಕ್ವಾರ್ಟರ್ಸು, ತಂತಿ ಎಳ್ಕೊಂತೀನಿ ಅಂದ. ಬಾಯಿಮಾತಲ್ಲಿ ಹೂಂ ಅಂದೆ. ಸರ್ಕಾರದ ಸಾಮಾನು, ಹೊರಗೆ ಹೇಳಾಕಾಗ್ತದಾ? ಅವನು ಸತ್ತ ಮೇಲೆ ಆ ಮನೆಗೆ ಬೀಗ ಬಿದ್ದೈತೆ. ಬೀಗದ ಕೈ ನನ್ನ ಹತ್ರನೇ ಐತೆ. ಒಳಗೆ ಒಂದು ಇಲಿ ಸೈತ ಇಲ್ಲ."

"ಟೀಚರಮ್ಮ," ಎಂದರು ಸ್ವಾಮಿಯವರು ಅವರಿಂದ ಕಣ್ಣು ಕೀಳದೆ, "ಈಗ ಒಳಗೆ ಬಂದಿರೋದು ಯಾರು ಅಂತ ಯಜಮಾನನ್ನ ಕೇಳಾಕೆ ಬರ್ತದಾ?"

"ಬರ್ತದೆ. ಒಂದು ಯಂತ್ರ ಜೋಡಿಸ್ಬೇಕು."

ಮೊದಲನೆಯ ಯಂತ್ರವನ್ನು ತಂತಿಗೆ ಸಿಗಿಸಿ ತನ್ನ ಹೆಸರು ಒತ್ತಿದಳು. ಕಾದಳು. ಮೂವರೂ ಕಾದರು. ಯಾರೋ ಮೆಟ್ಟಿಲ ಕೆಳಗಿನಿಂದ ನಿಧಾನವಾಗಿ ಎದ್ದು ಬಂದು ಬಾಗಿಲು ತೆಗೆಯುವಷ್ಟು ತಡವಾಯಿತು. ಕೊನೆಗೆ ಒಳಗೆ ಬಿಟ್ಟಿತು. ಯಾರು ಯಾರು ಇದ್ದಾರೆ ಎಂದು ಕೇಳಿದಳು.

ಕಪ್ಪು ಪರದೆಯ ಮೇಲೆ ಎರಡೇ ಹೆಸರು. ಮೇಲಿನದು ಅವಳದು.

ಕೆಳಗಿನದು ಮರುಳಪ್ಪ.

ಮಲ್ಲಿಕಾರ್ಜುನಪ್ಪ ಬಗ್ಗಿ ಓದಿದರು. ಓದಿ, ಹಿಂದೆ ಇದ್ದ ಕುರ್ಚಿಯನ್ನು ಕೈಯಿಂದ ತಡಕಿ ಕೂತರು. ಮರುಳಪ್ಪನವರ ಅಂತ್ಯಕ್ರಿಯೆಯಲ್ಲಿ ಸಮಾಧಿಯ ಗುಣಿಗೆ ಮೂರು ಹಿಡಿ ಮಣ್ಣು ಹಾಕಿದವರಲ್ಲಿ ಇವರೂ ಒಬ್ಬರು. ಅದನ್ನು ಶಾಂತಾದೇವಿ ಕಣ್ಣಾರೆ ಕಂಡಿದ್ದಳು.

"ಇದು... ಇದು ಯಂತ್ರ ಕೆಟ್ಟಿರಬೇಕು."

"ಯಂತ್ರ ಕೆಟ್ಟಿಲ್ಲ ಸಾರ್," ಎಂದಳು ಶಾಂತಾದೇವಿ. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಅವರ ಗುಟ್ಟಿನ ಪದ ಗೊತ್ತಿರೋ ಯಾರೋ ಆ ಕಡೆ ಕುಂತಿದಾರೆ. ಈಗ. ಈ ಗಳಿಗೇಲಿ."

ಅವಳಿಗೆ ಒಂದು ವಿಷಯ ತಟ್ಟನೆ ಹೊಳೆಯಿತು, ಹೊಳೆದು ನಿರಾಸೆಯೂ ಆಯಿತು. ತಾನು ಅನುಮಾನಿಸಿದ್ದ, ಬೀಗದ ಕೈ ಇಟ್ಟುಕೊಂಡ ಮನುಷ್ಯ ಇಲ್ಲಿ ಎದುರಿಗೇ ಕೂತಿದ್ದಾರೆ. ಅಲ್ಲಿರುವುದು ಇವರಲ್ಲ.

ಸ್ವಾಮಿಯವರು ಎದ್ದರು. "ನಡೀರಿ ಮಲ್ಲಿಕಾರ್ಜುನಪ್ಪಾರೆ. ನೀವೂ ನಾನೂ ಹೋಗಿ ನೋಡಾನ."

"ಮನೆಗೆ ನೆಟ್ಟಗೆ ಹೋಗೋಣ್ರಿ, ಬೀಗ ತೆಗೀತೀನಿ."

"ಬ್ಯಾಡ. ಮನೇಲಿ ಐತೆ ಅನ್ನೋದು ನಿಮ್ಮ ಮಾತು. ನಾನು ತಂತಿ ಗುಂಟ ಹೋಗ್ತೀನಿ. ನಡುವೆ ಬ್ಯಾರೆ ಕಡೆ ತಿರುಗೈತೋ ಏನೋ."

"ಗೋಡೆ ತುಂಬ ಬಳ್ಳಿ ಹಬ್ಬೈತೆ ಸಾರ್," ಎಂದಳು ಶಾಂತಾದೇವಿ. "ಕಣ್ಣಿಗೆ ಕಾಣಲ್ಲ. ಕೈಯಾಗೆ ಸವರ್ಕೊಂಡೇ ಹೋಗ್ಬೇಕು. ನಡುವೆ ಇಂಥ ಗಂಟು ಇನ್ನೂ ಇದ್ರೆ, ಬರೀ ತಾಮ್ರ. ಅವರೇನಾದ್ರೂ ಮತ್ತೆ..."

"ಆ ಕಡೆ ಅವನ ಯಂತ್ರ ತಂತೀಲಿ ಇರೋವರೆಗೂ ಕರೆಂಟ್ ಬಿಡ್ತಾನಾ?"

ಅವಳು ಯೋಚಿಸಿದಳು. ತಪ್ಪು ಹೇಳಬಾರದು. "ಇಲ್ಲ. ಬಿಟ್ರೆ ಮೊದಲು ಅವನ ಯಂತ್ರನೇ ಸುಡ್ತದೆ. ಮೊದಲು ಅದನ್ನ ಕೀಳ್ಬೇಕು."

"ಕಿತ್ತ್ರೆ ನಿಮಗೆ ಗೊತ್ತಾಗ್ತದಾ?"

"ಆಗ್ತದೆ. ಒಳಗೆ ಬಂದಿರೋ ಯಂತ್ರನ ಯಜಮಾನ ಆಗಾಗ ಇದೀಯಾ ಅಂತ ಕೇಳ್ತಿರ್ತಾನೆ. ಅದು ಹೂಂ ಅಂದಾಗೆಲ್ಲ ದೀಪ ಮಿನುಗ್ತದೆ. ಕಿತ್ತ್ರೆ ನಿಂತು ಹೋಗ್ತದೆ. ನನ್ನ ಯಂತ್ರನೂ ಮಿನುಗಿಸ್ತದೆ, ಆದ್ರೆ ಎರಡಿದ್ರೆ ಜೋಡಿ ಮಿನುಗು, ಒಂದಿದ್ರೆ ಒಂಟಿ."

"ಅಷ್ಟೇ ಸಾಕು. ನೀವು ಇಲ್ಲೇ ಕುಂತು ದೀಪ ನೋಡ್ರಿ. ಬ್ಯಾರೆ ಏನೂ ನೋಡಬ್ಯಾಡ್ರಿ. ಜೋಡಿ ಹೋಗಿ ಒಂಟಿ ಆದ ತಕ್ಷಣ ಕಿಟಕೀಲಿ ಕೂಗ್ರಿ. ನಾನು ಕೈ ಬಿಡ್ತೀನಿ." ಬಾಗಿಲಲ್ಲಿ ನಿಂತು ಅವರು ನಕ್ಕರು. "ನಾಳೆ ಸೋಮವಾರಕ್ಕೆ ನೀವು ತಲೆ ಎತ್ತಿ ಹೋಗ್ಬೇಕು ತಾಯಿ. ನಂಗೆ ಅಷ್ಟೇ."

ಅವರ ಚಪ್ಪಲಿ ಸದ್ದು ಇಳಿದುಹೋಯಿತು. ಮಲ್ಲಿಕಾರ್ಜುನಪ್ಪನವರ ಸದ್ದು ಹಿಂದೆ ಹಿಂದೆ, ಒಲ್ಲದ ಕರುವಿನ ಹಾಗೆ.

ಶಾಂತಾದೇವಿ ದೀಪದ ಎದುರು ಕೂತಳು. ಮಿಣುಕ್ ಮಿಣುಕ್. ಬಿಡುವು. ಮಿಣುಕ್ ಮಿಣುಕ್. ಕಿಟಕಿಯಾಚೆ ಹೊಂಗೆ ಮರದ ನೆರಳು ಅಲುಗದೆ ಬಿದ್ದಿತ್ತು. ಖಾಲಿ ತರಗತಿಗಳಲ್ಲಿ ಎಲ್ಲೋ ಒಂದು ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಪಕ್ಕದ ಯಂತ್ರ ಕುಂಯ್ ಎಂದಿತು.

ಪರದೆಯ ಮೇಲೆ ಒಂದು ಸಾಲು. ಈ ತಂತಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಸುದ್ದಿ ಕಳಿಸಬಹುದಿತ್ತು. ಮಕ್ಕಳಿಗೆ ಮರುಳಪ್ಪನವರೇ ಕಲಿಸಿದ್ದ ಆಟವದು. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ ಕನ್ನಡ.

"ಭಾನುವಾರನೂ ಬಂದೀರಾ ಟೀಚರ್?"

ಅವಳಿಗೆ ಎದ್ದು ಓಡಿಹೋಗಬೇಕು ಎನಿಸಿತು. ದೀಪ ನೋಡಿದಳು. ಜೋಡಿ. ಒಂದೊಂದೇ ಅಕ್ಷರ ಒತ್ತಿದಳು.

"ಯಾರು ನೀವು?"

"ಹೆಸರು ಮೇಲೇ ಐತಲ್ಲ."

"ಮರುಳಪ್ಪ ಮೇಷ್ಟ್ರು ತೀರಿಕೊಂಡ್ರು."

ಅಕ್ಷರಗಳು ಸಾವಕಾಶವಾಗಿ, ಹೊಸದಾಗಿ ಟೈಪಿಂಗ್ ಕಲಿತವರು ಒತ್ತಿದಂತೆ, ಸಾಲಾಗಿ ಬಂದು ನಿಂತವು.

"ಗೊತ್ತು. ನಾನು ನೋಡ್ತಿದ್ದೆ."

ದೀಪ. ಜೋಡಿ. ಮತ್ತೆ ಕುಂಯ್.

"ನೀವು ಹಾಕ್ಲಾ ಸಾರ್ ಅಂದ್ರಿ. ಅವರು ಹಾಕ್ರಿ ಅಂದ್ರು. ನಿಮ್ಮ ಕೈ ಸ್ವಿಚ್ ಒತ್ತೋ ಮುಂಚೆನೇ ಮುಗಿದಿತ್ತು. ಅವರನ್ನ ಕೊಂದಿದ್ದು ನೀವಲ್ಲ."

ಶಾಂತಾದೇವಿ ಓದಿದಳು. ಇನ್ನೊಮ್ಮೆ ಓದಿದಳು. ಅಕ್ಷರಗಳು ಕಲಸಿಹೋದವು. ಆಯುಧಪೂಜೆಯಿಂದ ಈಚೆಗೆ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡದ ಜೀವ ಅದು. ಹುಡುಗರ ಪಿಸುಮಾತು, ಸ್ಟಾಫ್ ರೂಮಿನಲ್ಲಿ ತಾನು ಹೋದೊಡನೆ ನಿಲ್ಲುವ ಮಾತು, ಕಸ್ತೂರಮ್ಮನ ಮುಖ ನೋಡಲಾರದೆ ಗುಂಪಿನ ಹಿಂದೆ ಅಡಗಿ ನಿಂತದ್ದು, ಎಲ್ಲ ಒಟ್ಟಿಗೆ ನುಗ್ಗಿ ಬಂತು. ಮೇಜಿಗೆ ಹಣೆ ಹಚ್ಚಿ ಅವಳು ಬಿಕ್ಕಿ ಬಿಕ್ಕಿ ಅತ್ತಳು. ನಾನಲ್ಲ. ನಾನಲ್ಲ. ಹೇಳಿದವರು ಭೂತವೋ ಪಿಶಾಚಿಯೋ, ಇರಲಿ, ಹೇಳಿದ್ದು ಸಾಕು.

ತಲೆ ಎತ್ತಿದಾಗ ಪರದೆಯಲ್ಲಿ ಆ ಸಾಲು ಇನ್ನೂ ಇತ್ತು. ಇದನ್ನು ಅಳಿಸಬಾರದು, ನಾಳೆ ಎಲ್ಲರೂ ನೋಡಬೇಕು ಎಂದುಕೊಂಡು ಕೈಯನ್ನು ಯಂತ್ರದಿಂದ ದೂರ ಇಟ್ಟುಕೊಂಡಳು. ಅದರ ಕೆಳಗೆ, ಅವಳು ಅಳುತ್ತಿದ್ದಾಗ ಬಂದಿದ್ದ ಇನ್ನೊಂದು ಸಾಲು ಆಗ ಕಣ್ಣಿಗೆ ಬಿತ್ತು.

"ಗೋಡೆ ಗುಂಟ ತಂತಿ ಸವರ್ಕೊಂಡು ಬರ್ತಿರೋ ಮುದುಕ ಯಾರು?"

ಅವಳು ದೀಪದ ಕಡೆ ತಿರುಗಿದಳು.

ಮಿಣುಕ್. ಬಿಡುವು. ಮಿಣುಕ್.

ಒಂಟಿ.

ಯಾವಾಗಿನಿಂದ? ಈಗಷ್ಟೇಯೋ, ಅತ್ತಷ್ಟು ಹೊತ್ತೂ ಹೀಗೇ ಇತ್ತೋ? ಕುರ್ಚಿ ಉರುಳಿಬಿತ್ತು. ಅವಳು ಕಿಟಕಿಗೆ ಹಾರಿ ಎರಡೂ ಬಾಗಿಲು ತಳ್ಳಿದಳು. "ಸಾರ್! ಕೈ ಬಿಡ್ರಿ! ತಂತಿ ಬಿಡ್ರಿ ಸಾರ್!"

ಕಾಂಪೌಂಡಿನಾಚೆಯ ಹಿಟ್ಟಿನ ಗಿರಣಿ ಅದೇ ಆಗ ಶುರುವಾಗಿತ್ತು. ಅದರ ಧಡಧಡ ಸದ್ದು ಅವಳ ಮಾತನ್ನು ಬಾಯಿಂದಲೇ ಕಿತ್ತುಕೊಂಡಿತು. ಕೆಳಗೆ ತಿಪ್ಪೇರುದ್ರಸ್ವಾಮಿ ಅವಳಿಗೆ ಬೆನ್ನು ಹಾಕಿ, ಬಳ್ಳಿಯೊಳಗೆ ಒಂದು ಕೈ ತೂರಿಸಿ, ಬೆರಳಿನಿಂದ ತಡವುತ್ತ ಹೆಜ್ಜೆ ಹೆಜ್ಜೆಯಾಗಿ ಕ್ವಾರ್ಟರ್ಸಿನ ಕಡೆ ಹೋಗುತ್ತಿದ್ದರು. ಅವರು ತಿರುಗಲಿಲ್ಲ.

ತಿರುಗಿದವರು ಮಲ್ಲಿಕಾರ್ಜುನಪ್ಪ.

ಸ್ವಾಮಿಯವರ ಮಗ್ಗುಲಲ್ಲೇ ಇದ್ದ ಅವರು ತಲೆ ಎತ್ತಿ ಕಿಟಕಿಯ ಕಡೆ ನೋಡಿದರು. ಶಾಂತಾದೇವಿ ಎರಡೂ ಕೈ ಬೀಸಿದಳು, ತಂತಿಯತ್ತ ಬೆರಳು ಮಾಡಿದಳು, ಬಿಡಿಸಿ, ಬಿಡಿಸಿ ಎಂದು ಸನ್ನೆ ಮಾಡಿದಳು. ಅವರು ಅವಳನ್ನು ಚೆನ್ನಾಗಿ ನೋಡಿದರು. ಅರ್ಥವೂ ಆಯಿತು, ಅದು ಅವರ ಮುಖದಲ್ಲೇ ಕಂಡಿತು.

ಆಮೇಲೆ ಅವರು ಪಂಚೆಯ ಚುಂಗನ್ನು ಎತ್ತಿ ಹಿಡಿದು, ಸ್ವಾಮಿಯವರಿಗೆ ಒಂದು ಮಾತೂ ಹೇಳದೆ, ಗೋಡೆಯಿಂದ ಹಿಂದಕ್ಕೆ ಸರಿದು ನಿಂತರು.